ದೀಪ ಹಚ್ಚದ ದೇವರ ಕೋಣೆ

ಎಣ್ಣೆ ತೀರಿ ತಾನಾಗಿಯೇ ನಂದಿದ ಬತ್ತಿಗೆ ಒಂದು ಬಗೆಯ ಸುಟ್ಟ ವಾಸನೆ ಇರುತ್ತದೆ. ಕಳೆದ ಶುಕ್ರವಾರ ಶಿವಮೊಗ್ಗದ ನವುಲೆಯ ನಮ್ಮ ಮನೆಯಲ್ಲಿ ಆ ವಾಸನೆ ಬಂತು. ಮನೆಯ ಉಳಿದವರಿಗೆ ಅದು ಬರೀ ದೇವರ ಮನೆಯ ವಾಸನೆ. ನನಗೆ ಮಾತ್ರ ಭದ್ರಾವತಿಯ ಮೇಡಂ ನೆನಪಾದರು. ಕೈಯಲ್ಲಿದ್ದ ಎಣ್ಣೆ ಬಾಟಲಿಯನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ…

ತೊಂಬತ್ತರ ದಶಕದ ಮಾತು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಬೇರೆ ಕೆಲಸ ಸಿಗದೆ, ಅಲ್ಲೇ ಪಾಠ ಹೇಳುತ್ತಿದ್ದ ಮೇಡಂ ಬಳಿ ಸಂಶೋಧನೆಯ ಸಹಾಯಕಿಯಾಗಿ ಸೇರಿಕೊಂಡಿದ್ದೆ. ಮದುವೆಯಾಗದ, ಬಂಧುಬಳಗದ ಸುದ್ದಿಯನ್ನೇ ಎತ್ತದ ಹೆಂಗಸು. ಮಧ್ಯಾಹ್ನ ಉಳಿದವರೆಲ್ಲ ಒಂದು ಕಡೆ ಡಬ್ಬಿ ಬಿಚ್ಚಿದರೆ ಇವರು ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದರು. ಜಂಬ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ಜಂಬವೂ ಅಲ್ಲ, ಮಣ್ಣೂ ಅಲ್ಲ, ಅವರಿಗೆ ಹರಟೆ ಬರುತ್ತಿರಲಿಲ್ಲ, ಅಷ್ಟೇ.

ಅವರ ಬದುಕಿಗಿದ್ದದ್ದು ಒಂದೇ ಆಸೆ. ಬ್ಯಾಕ್ಟೀರಿಯಾದ ಒಂದು ಪ್ರೋಟೀನು ನೋಡಲು ಹೇಗಿದೆ ಎಂದು ತಿಳಿಯಬೇಕು. ಜೀವಕೋಶದ ಸುತ್ತ ಎಣ್ಣೆಯಂಥ ಪೊರೆ ಇರುತ್ತದೆ. ಆ ಪೊರೆಯಲ್ಲಿ ನೆಲೆಸಬೇಕಾದ ಪ್ರೋಟೀನುಗಳು ತಯಾರಾಗುವುದು ಒಳಗೆ, ನೀರಿನಲ್ಲಿ. ನೀರು ಅವಕ್ಕೆ ಆಗಿಬರುವುದಿಲ್ಲ; ಹಾಗೇ ಬಿಟ್ಟರೆ ಮುದ್ದೆಗಟ್ಟಿ ಹಾಳಾಗುತ್ತವೆ. ಅದಕ್ಕೇ ತಯಾರಾಗುತ್ತಿರುವಾಗಲೇ ಅವನ್ನು ಪೊರೆಗೆ ಮುಟ್ಟಿಸುವ ಏರ್ಪಾಡೊಂದು ಇದೆ. ಮೇಡಂ ಬೆನ್ನು ಹತ್ತಿದ್ದ ಪ್ರೋಟೀನಿನ ಕೆಲಸ ಪೊರೆಯ ಹತ್ತಿರ ಕಾದಿದ್ದು, ಬಂದವುಗಳನ್ನು ಬರಮಾಡಿಕೊಂಡು ಪೊರೆಗೆ ಸೇರಿಸುವುದು. "ಹೊಸಬರನ್ನ ಕರ್ಕೊಂಡು ಹೋಗೋಕೆ ಬಸ್‌ಸ್ಟ್ಯಾಂಡಿಗೆ ಬಂದಿರ್ತಾರಲ್ಲ, ಹಾಗೆ," ಎಂದಿದ್ದರು ಒಮ್ಮೆ. ಮುಟ್ಟಿಸಿದ ಮೇಲೆ ಅದು ಏನು ಮಾಡುತ್ತದೆ ಎಂದು ಕೇಳಿದೆ. "ಬಿಟ್ಟುಬಿಡುತ್ತೆ. ಇನ್ನೊಂದಕ್ಕೆ ಕಾಯುತ್ತೆ."

ರೂಪ ಕಾಣಬೇಕಾದರೆ ಆ ಪ್ರೋಟೀನನ್ನು ಹರಳಾಗಿಸಬೇಕು. ಗಾಜಿನ ಚೂರಿಗೆ ಅಂಟಿದ ಒಂದು ಹನಿಯಲ್ಲಿ ಅದು ತನ್ನಷ್ಟಕ್ಕೆ ಹರಳುಗಟ್ಟುವವರೆಗೆ ಅಲುಗಿಸುವಂತಿಲ್ಲ, ಬಿಸಿ ಏರಿಳಿಯುವಂತಿಲ್ಲ. ಆಮೇಲೆ ಹರಳಿಗೆ ಎಕ್ಸ್‌ರೇ ಹಾಯಿಸಿ ಒಳಗಿನ ರಚನೆಯನ್ನು ಲೆಕ್ಕ ಹಾಕುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ನಮ್ಮಲ್ಲಿ ತಂಪಿನ ಕೋಣೆ ಇದ್ದರೂ ಕರೆಂಟು ಇರುತ್ತಿರಲಿಲ್ಲ. ಕೊನೆಗೆ ಮೇಡಂ ಹನಿಗಳ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಒಯ್ದರು. ಅಲ್ಲಿ ಕಬ್ಬಿಣದ ಕಾರ್ಖಾನೆಯ ಕಡೆಯ ಬೀದಿಯಲ್ಲಿ ಅವರ ಬಾಡಿಗೆ ಮನೆ. ಅದರಲ್ಲಿ ದಪ್ಪ ಗೋಡೆಯ, ಕಿಟಕಿಯಿಲ್ಲದ, ಸದಾ ಒಂದೇ ತಂಪಿನ ಜಾಗವೆಂದರೆ ದೇವರ ಕೋಣೆ. ಅಲ್ಲಿಗಾದರೆ ಯಾರೂ ಸುಮ್ಮಸುಮ್ಮನೆ ಕೈ ಹಾಕುವುದಿಲ್ಲ ಎಂಬ ಧೈರ್ಯ ಬೇರೆ. ದೇವರ ಪಟಗಳ ಮುಂದಿನ ಕಲ್ಲುಹಲಗೆಯ ಮೇಲೆ ಹನಿಗಳು ಕೂತವು. ಅಂದಿನಿಂದ ಆ ಕೋಣೆಯಲ್ಲಿ ದೀಪ ಹಚ್ಚುವುದು ನಿಂತಿತು.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ನಲ್ಲಿಯ ಹತ್ತಿರ ಸುದ್ದಿಯಾಯಿತು. ದೀಪವಿಲ್ಲದ ಮನೆ ಸೂತಕದ ಮನೆ ಎಂದು ಕುಂಕುಮಕ್ಕೆ ಕರೆಯುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ಬಿಡದವರು ಪಕ್ಕದ ಮನೆಯ ಅಕ್ಕ ಒಬ್ಬರೇ. ಗಂಡ ಕಾರ್ಖಾನೆಯಲ್ಲಿ ಫಿಟ್ಟರ್, ಮನೆಮಾತು ತಮಿಳು. ಮೇಡಂಗೆ 'ಟೀಚರಮ್ಮ' ಎನ್ನುತ್ತಿದ್ದರು, ನನಗೆ ಅವರ ತಮಿಳಿನ ಮುದ್ದಿನಲ್ಲಿ 'ಕಣ್ಣು'. ಹನಿ, ಹರಳು ಎಂದು ಮೇಡಂ ಎಷ್ಟು ವಿವರಿಸಿದರೂ ಅಕ್ಕನಿಗೆ ಅರ್ಥವಾದದ್ದು ಒಂದೇ, ಈ ಹೆಂಗಸಿಗೆ ಯಾರೂ ಇಲ್ಲ ಎಂದು. ವಾರಕ್ಕೊಮ್ಮೆ ಸಾರು ಬಂದೇ ಬರುತ್ತಿತ್ತು.

ಶನಿವಾರಗಳಂದು ನಾನು ಹನಿಗಳನ್ನು ನೋಡಲು ಹೋಗುತ್ತಿದ್ದೆ. ಮೇಡಂ ಉಸಿರು ಬಿಗಿಹಿಡಿದು ಗಾಜುಗಳನ್ನು ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದರು. ಏನೂ ಇರುತ್ತಿರಲಿಲ್ಲ. ಕಾಫಿ ಕುಡಿಸಿ, ಬಸ್‌ಸ್ಟ್ಯಾಂಡಿನವರೆಗೆ ಬಂದು, ನನ್ನನ್ನು ಶಿವಮೊಗ್ಗದ ಬಸ್ಸು ಹತ್ತಿಸಿ, ಬಸ್ಸು ಮರೆಯಾಗುವವರೆಗೂ ನಿಂತಿರುತ್ತಿದ್ದರು. ವರ್ಷಗಳೇ ಹೀಗೆ ಕಳೆದವು…

ಒಂದು ಶನಿವಾರ ಹರಳು ಇತ್ತು. ಸಕ್ಕರೆ ಕಾಳಿಗಿಂತ ಎಷ್ಟೋ ಚಿಕ್ಕದು, ಅಂಚು ಮಾತ್ರ ಕತ್ತರಿಸಿಟ್ಟ ಹಾಗೆ ಚೂಪು. ಮೇಡಂ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ಮೊದಲ ಸಲ ನೋಡಿದೆ. ಅಷ್ಟು ಹೊತ್ತಿಗೆ ಹೊರದೇಶಗಳಲ್ಲೂ ಇದೇ ಪ್ರೋಟೀನಿನ ಹಿಂದೆ ಜನ ಬಿದ್ದಿದ್ದಾರೆಂಬುದು ನಮಗೆ ಗೊತ್ತಿತ್ತು. ತಡಮಾಡುವಂತಿರಲಿಲ್ಲ. ಎಕ್ಸ್‌ರೇ ಯಂತ್ರವಿದ್ದದ್ದು ಬೆಂಗಳೂರಿನಲ್ಲಿ. ಸರದಿ ಗೊತ್ತುಮಾಡಿಕೊಂಡು, ಹರಳು ಸಾಗಿಸುವ ಸಾಮಾನು ತರಲು ಮೇಡಂ ಹೊರಟರು. ತುಳಸಿಗೆ ನೀರು ಹಾಕಿ ಎಂದು ಮನೆಯ ಬೀಗದಕೈಯನ್ನು ಅಕ್ಕನಿಗೆ ಕೊಟ್ಟರು. ದೀಪಾವಳಿಯ ಹಿಂದಿನ ದಿನ ಅದು.

ಅವರು ತಿರುಗಿ ಬಂದ ದಿನ ನಾನೂ ಜೊತೆಗಿದ್ದೆ. ಬಾಗಿಲು ತೆಗೆದರೆ ತುಪ್ಪದ, ಸುಟ್ಟ ಬತ್ತಿಯ ವಾಸನೆ. ಹಬ್ಬದ ದಿನವೂ ದೇವರು ಕತ್ತಲಲ್ಲಿ ಕೂತಿರುವುದನ್ನು ನೋಡಲಾರದೆ ಅಕ್ಕ ತಲೆಗೆ ಸ್ನಾನ ಮಾಡಿ, ನೆಲ ಒರೆಸಿ, ದೊಡ್ಡ ಹಣತೆ ಹಚ್ಚಿದ್ದರು. ಹಬ್ಬ ಮುಗಿಯುವವರೆಗೂ ನಂದದಂತೆ ತುಪ್ಪ ಸುರಿದಿದ್ದರು. ಗಾಜಿನ ತಟ್ಟೆಯನ್ನು ಅವರು ಮುಟ್ಟಿರಲಿಲ್ಲ, ಟೀಚರಮ್ಮನ ವಸ್ತು ಎಂದು ಮರ್ಯಾದೆಯಿಂದ ಬಿಟ್ಟಿದ್ದರು. ದೀಪವನ್ನು ಅದಕ್ಕೆ ಒತ್ತಿಕೊಂಡೇ ಇಟ್ಟಿದ್ದರು. ಆ ಮುಚ್ಚಿದ ಕೋಣೆ ಇನ್ನೂ ಬೆಚ್ಚಗಿತ್ತು.

ಮೇಡಂ ಒಂದೊಂದೇ ಹನಿ ನೋಡಿದರು. ಹರಳು ಇರಲಿಲ್ಲ. ಹನಿಗಳ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಷ್ಟರಲ್ಲಿ ಅಕ್ಕ ಚಕ್ಕುಲಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅವರ ಮುಖದಲ್ಲಿ ಎಂಥ ಸಂಭ್ರಮ! ನಾನು ಬಾಯಿ ತೆರೆಯುವ ಮೊದಲೇ ಮೇಡಂ ನನ್ನ ಮುಂಗೈ ಹಿಡಿದರು.

"ದೀಪ ಚೆನ್ನಾಗಿ ಉರೀತಾ ಅಕ್ಕ?" ಎಂದು ಕೇಳಿದರು.

ಅಂದು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮೇಡಂ ಹೇಳಿದ್ದು ಇಷ್ಟು: "ಅವರಿಗೆ ಯಾವತ್ತೂ ಹೇಳ್ಬೇಡ ಮಾರಾಯ್ತಿ. ಈ ಬೀದೀಲಿ ನನ್ನ ಮನೆಗೆ ಬರೋರು ಅವರೊಬ್ಬರೇ."

ಮತ್ತೆ ಮೊದಲಿನಿಂದ ಶುರುಮಾಡಿದೆವು. ಹನಿಗೆ ಬೆರೆಸುವ ಅದೇ ಉಪ್ಪು, ಅದೇ ಅಳತೆ. ಹರಳು ಮಾತ್ರ ಬರಲಿಲ್ಲ. ಒಂದು ದಿನ ಗ್ರಂಥಾಲಯಕ್ಕೆ ಬಂದ ಪತ್ರಿಕೆಯಲ್ಲಿ ಆ ಪ್ರೋಟೀನಿನ ಚಿತ್ರವೇ ಅಚ್ಚಾಗಿತ್ತು, ಬೇರೆ ಯಾರದೋ ಹೆಸರಿನಲ್ಲಿ. ಸುರುಳಿ ಸುತ್ತಿದ ಪಟ್ಟಿಗಳು, ನಡುವೆ ಒಂದು ತಗ್ಗು. ಮೇಡಂ ಅದನ್ನು ತುಂಬ ಹೊತ್ತು ನೋಡುತ್ತ ನಿಂತಿದ್ದರು. ಅಂದುಕೊಂಡದ್ದಕ್ಕಿಂತ ಚೆಂದ ಇದೆ ಎಂದರು, ಪತ್ರಿಕೆಯನ್ನು ಅದರ ಜಾಗದಲ್ಲೇ ಇಟ್ಟು ಪಾಠಕ್ಕೆ ಹೋದರು. ಮುಂದಿನ ಬೇಸಿಗೆಗೆ ಅವರು ದೂರದ ಊರಿನ ಕಾಲೇಜಿಗೆ ಹೊರಟುಹೋದರು. ಆ ಸಲ ಅವರನ್ನು ಬಸ್ಸು ಹತ್ತಿಸಿದವಳು ನಾನು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಯಾರ ಬಾಯಿಂದಲೋ ಕಿವಿಗೆ ಬಿತ್ತು. ಹೋಗಿ ಮುಖ ನೋಡುವುದೂ ಆಗಲಿಲ್ಲ…

ಆ ವಾಸನೆ ಬಂದ ಮರುದಿನ, ಶನಿವಾರ, ಭದ್ರಾವತಿಯ ಬಸ್ಸು ಹತ್ತಿದೆ. ಕಾರ್ಖಾನೆಯ ಗದ್ದಲ ಈಗಿಲ್ಲ. ಬೀದಿಯ ಅರ್ಧ ಮನೆಗಳಿಗೆ ಬೀಗ. ಅಕ್ಕ ಇದ್ದರು. ಕಣ್ಣು ಮಂಜಾಗಿದೆ, ದನಿಯಿಂದ ನನ್ನನ್ನು ಗುರುತು ಹಿಡಿದರು. ಮೇಡಂ ಸುದ್ದಿ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಕೇಳಿದರು:

"ಆ ದೀಪಾವಳೀಲಿ ನಾನು ದೀಪ ಹಚ್ಚಿದ್ನಲ್ಲ ಕಣ್ಣು, ಅದರಿಂದ ಟೀಚರಮ್ಮಂಗೆ ಒಳ್ಳೇದಾಯ್ತಾ?"

ಮೇಡಂ ಇದ್ದ ಪಕ್ಕದ ಮನೆಯ ಬೀಗ ಬಾಗಿಲಿನಿಂದಲೇ ಕಾಣುತ್ತಿತ್ತು. ಆ ಹರಳನ್ನು ಕಣ್ಣಾರೆ ಕಂಡಿದ್ದವರು ಇಬ್ಬರೇ. ಈಗ ಉಳಿದಿರುವವಳು ನಾನೊಬ್ಬಳು.

"ಆಯ್ತು ಅಕ್ಕ," ಎಂದೆ.