ಗಿಡ್ಡ ಗೇರ್ ರಾಡು

ನಮ್ಮ ಮನೆಯ ಮೊದಲ ಕಾರಿಗೆ ಎಲ್ಲವೂ ಉದ್ದ. ಮೂತಿ ಉದ್ದ, ಸ್ಟಾರ್ಟ್ ಆಗಲು ತೆಗೆದುಕೊಳ್ಳುವ ಹೊತ್ತು ಉದ್ದ, ಗೇರ್ ರಾಡಂತೂ ನೆಲದಿಂದ ಎದ್ದು ಕೂತವರ ಎದೆಮಟ್ಟಕ್ಕೆ ಬರುತ್ತಿತ್ತು. ಗೋಕಾಕದ ವಕೀಲರೊಬ್ಬರು ಬೇಸತ್ತು ಮಾರಿದ ಗಾಡಿ ಅದು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನನ್ನ ಗಂಡ ನೀರೆತ್ತುವ ಇಂಜಿನ್ನುಗಳ ಬಿಡಿಭಾಗ ಮಾರುತ್ತಿದ್ದರು. ಮೂಡಲಗಿ, ನಾಗನೂರಿನ ಹೊಲಗಳಿಗೂ ಹುಕ್ಕೇರಿಯ ಸಂತೆಗೂ ಅದರಲ್ಲೇ ಸಾಮಾನು ಹೋಗುತ್ತಿತ್ತು. ನಾನು ಹೋಗುತ್ತಿರಲಿಲ್ಲ. ಸೊಸೆಯಂದಿರು ಹೋಗಬೇಕಾದ ದೂರ ಹಿತ್ತಲಿನವರೆಗೆ ಎಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

ಒಂದು ದಿನ ಅಟ್ಟದ ಮೇಲಿಂದ ಇಂಜಿನ್ನಿನ ಪಟ್ಟಾ ಇಳಿಸುವಾಗ ಏಣಿ ಜಾರಿ ಅವರು ಬಿದ್ದರು. ಮೂಳೆ ಮುರಿಯಲಿಲ್ಲ, ಎಡಭುಜ ಮಾತ್ರ ಬಿಗಿದುಕೊಂಡಿತು. ಎಣ್ಣೆ ತಿಕ್ಕಿದೆವು, ಪಟ್ಟು ಹಾಕಿದೆವು. ಊಟ, ಬರಹ ಎಲ್ಲಕ್ಕೂ ಬಲಗೈ ಇತ್ತು. ಆದರೆ ಎರಡನೇ ಗೇರಿಗೆ ಎಡಗೈ ಬೇಕು. ಅದು ಬೀಳಬೇಕಾದರೆ ಆ ಉದ್ದನೆಯ ರಾಡನ್ನು ಮುಂದಕ್ಕೆ, ಡ್ಯಾಶ್‌ಬೋರ್ಡು ಮುಟ್ಟುವಷ್ಟು ತಳ್ಳಬೇಕು. ಅಷ್ಟು ದೂರ ಅವರ ಕೈ ಚಾಚುತ್ತಿರಲಿಲ್ಲ. ಡ್ರೈವರನ್ನು ಇಡೋಣವೆಂದರೆ ಆ ಕಾರನ್ನು ಬೇರೆಯವರ ಕೈಗೆ ಕೊಡಲು ಅವರಿಗೆ ಜೀವ ಒಪ್ಪಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮುಂದಿನ ಬಾಗಿಲು ತೆರೆದು, ನನ್ನ ಮುಖ ನೋಡದೆ, "ಸ್ವಲ್ಪ ಬಾ ಇಲ್ಲೆ" ಎಂದರು. ನಾನು ಹೋಗಿ ಕೂತೆ.

ಕೆಲಸ ಸರಳವಾಗಿತ್ತು. ಅವರು ಕ್ಲಚ್ ಒತ್ತಬೇಕು, ನಾನು ರಾಡು ತಳ್ಳಬೇಕು. ಹಿಂದಿನ ಸೀಟಿನಲ್ಲಿ ಎಣ್ಣೆ ಡಬ್ಬಿಗಳ ನಡುವೆ ನಮ್ಮತ್ತೆ ಇರುತ್ತಿದ್ದರು. ಅವರ ಮಗಳನ್ನು ಘೋಡಗೇರಿಗೆ ಕೊಟ್ಟಿತ್ತು, ಹುಕ್ಕೇರಿ ದಾರಿಯಲ್ಲಿ ಅಲ್ಲಿ ಇಳಿದು ಮೊಮ್ಮಕ್ಕಳನ್ನು ನೋಡುವುದು ಅವರ ರೂಢಿ. ಕೆಲವು ಸಲ ನಮ್ಮ ಜೊತೆ ಸಂತೆಗೂ ಬರುತ್ತಿದ್ದರು. ಅತ್ತೆಯ ಮುಂದೆ ಗಂಡನ ಮುಖ ನೋಡುವ ಹಾಗಿರಲಿಲ್ಲ, ಮಾತಂತೂ ದೂರವೇ ಉಳಿಯಿತು. ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಕೆಳಗೆ ಇಟ್ಟು ಕೂರುವುದು ಪದ್ಧತಿ. ಕ್ಲಚ್ ಕೂಡ ಕೆಳಗೇ ಇತ್ತು. ಗಂಡನ ಎಡಪಾದ ಒಳಗೆ ಹೋಗುವುದೇ ತಡ, ಸೆರಗಿನ ಒಳಗಿನಿಂದ ನನ್ನ ಕೈ ಹೊರಟು ಗೇರು ಹಾಕಿ ವಾಪಸು ಬರುತ್ತಿತ್ತು. ಆ ಮನೆಯ ಸೊಸೆ ಕಾರಿನಲ್ಲೂ ತಲೆ ಎತ್ತುವುದಿಲ್ಲ ಎಂದು ನಾಗನೂರಿನ ಹಿರಿಯರು ಹೊಗಳಿದರು. ಅತ್ತೆ ಆ ಹೊಗಳಿಕೆಯನ್ನು ತಾವೇ ಇಟ್ಟುಕೊಂಡರು.

ಹೇಳಿಬಿಡುತ್ತೇನೆ, ನಾನು ಅಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿದ ಮೇಲೆ ನನ್ನಿಂದ ಏನಾದರೂ ಮುಂದೆ ಹೋಗುತ್ತದೆ ಎಂದು ಅನಿಸಿದ್ದು ಆ ಕಾರಿನಲ್ಲಿ. ಮೂಡಲಗಿಯಲ್ಲಿ ಎತ್ತು ಮಾರುವುದನ್ನು ನೋಡಿದೆ. ಹುಕ್ಕೇರಿಯಲ್ಲಿ ಗಾಡಿಗೇ ತರಿಸಿದ ಚಹಾ ಕುಡಿದೆ. ಗಂಡನ ಭುಜ ಬೇಗ ವಾಸಿಯಾಗಲಿ ಎಂದು ದಿನಾ ಲಿಂಗಪೂಜೆಯಲ್ಲಿ ಬೇಡಿಕೊಳ್ಳುತ್ತಿದ್ದೆ. ಬೇಗ ಎನ್ನುವ ಮಾತನ್ನು ಮಾತ್ರ ಸ್ವಲ್ಪ ಮೆತ್ತಗೆ ಹೇಳುತ್ತಿದ್ದೆ.

ಕೆಟ್ಟದ್ದು ಹುಕ್ಕೇರಿಯ ಏರಿನ ಮೇಲೆ. ಎದುರಿಗೆ ಸಂತೆಗೆ ಹೊರಟ ಗಾಡಿಗಳ ಸಾಲು, ಎತ್ತಿನ ಕೋಡಿಗೆಲ್ಲ ಹೊಸ ಬಣ್ಣ. ನೋಡಲು ತಲೆ ಎತ್ತಿದೆ. ಅಷ್ಟರಲ್ಲಿ ಪಾದ ಒಳಗೆ ಹೋಗಿ ಹೊರಗೂ ಬಂದಿತ್ತು. ನಾನು ಗಡಬಡಿಸಿ ರಾಡು ತಳ್ಳಿದೆ. ಕಾರು ಕರಕರ ಹಲ್ಲು ಕಡಿದು ನಿಂತುಬಿಟ್ಟಿತು. ಸಂತೆಯ ಮಂದಿ ಸುತ್ತ ಕೂಡಿದರು. ಅವರಿಗೆ ಕಂಡದ್ದು ಗೇರ್ ರಾಡು ಹಿಡಿದ ನನ್ನ ಕೈ, ಕೈತುಂಬ ಹಸಿರು ಬಳೆ.

"ಅಂತೂ ಗಾಡಿ ಹೊಡಿಯಾಕಿ ಸೊಸಿ ಅನ್ನು" ಎಂದ ಒಬ್ಬ.

ಆ ದಿನ ಅತ್ತೆಯೂ ಹಿಂದಿನ ಸೀಟಿನಲ್ಲಿದ್ದರು. ಮನೆ ಮುಟ್ಟಿದ ಮೇಲೆ ಮಗನಿಗೆ ಹೇಳಿದರು: "ನಾಳೆ ಮಿಸ್ತ್ರಿ ಕಡೆ ಹೋಗು. ರಾಡು ನಿನ್ನ ಕೈಗೆ ಮುಟ್ಟೂ ಹಂಗ ಮಾಡ್ಸು. ಈಕಿ ಹಿಂದ ನನ್ನ ಬಾಜೂ ಕೂಡ್ರಲಿ."

ಮರುದಿನ ಮೂವರೂ ಗೋಕಾಕದ ಮಿಸ್ತ್ರಿಯ ಅಂಗಡಿಯ ಮುಂದೆ ನಿಂತೆವು. ಮಿಸ್ತ್ರಿ ರಾಡನ್ನು ಅಲ್ಲಾಡಿಸಿ ನೋಡಿ, ಎರಡು ದಾರಿ ಅದಾವ ಎಂದ.

"ಒಂದು, ಇದನ್ನ ಕಾಸಿ ನಿಮ್ಮ ಕಡೆ ಬಗ್ಗಸ್ತೇನ್ರಿ. ಉದ್ದ ಹಂಗ ಇರ್ತೈತಿ, ಹಗೂರ ಬೀಳ್ತೈತಿ, ಕೈಗೂ ಸಿಗ್ತೈತಿ. ಇನ್ನೊಂದು, ಅರ್ಧಾ ಕತ್ತರಿಸಿ ಗಿಡ್ಡ ಮಾಡೂದು. ದೂರ ಹೋಗೂದಿಲ್ಲ, ಇಷ್ಟಕ್ಕ ಗೇರು ಬೀಳ್ತೈತಿ. ಖರೆ ಭಾಳ ಬಿಗಿ ಬರ್ತೈತ್ರಿ."

ಬೀಸುವ ಕಲ್ಲಿನ ಗೂಟ ನಡುವಿನ ಹತ್ತಿರ ಬಂದಷ್ಟೂ ಕಲ್ಲು ಭಾರ. ಮಿಸ್ತ್ರಿ ಹೇಳಿದ್ದು ನನಗೂ ಅತ್ತೆಗೂ ಕೂಡಲೇ ತಿಳಿಯಿತು.

"ಬಗ್ಗಸು" ಎಂದರು ಅತ್ತೆ.

ಬಗ್ಗಿಸಿದ. ನಾನು ಹಿಂದೆ ಕೂತೆ. ಪರೀಕ್ಷೆಗೆಂದು ಗೋಕಾಕ ಫಾಲ್ಸಿನ ದಾರಿ ಹಿಡಿದು ಹೋಗಿ ಬಂದೆವು. ಅವರ ಎಡಗೈಗೆ ರಾಡು ಸಲೀಸಾಗಿ ಸಿಗುತ್ತಿತ್ತು, ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಅತ್ತೆ ತೃಪ್ತಿಯಿಂದ ಎಲೆ ಅಡಿಕೆ ಹಾಕಿಕೊಂಡರು. ನನಗೆ ಅಳು ಬಂತು. ಎಣ್ಣೆ ಡಬ್ಬಿಯ ವಾಸನೆ ಎಂದು ಕಣ್ಣೊರೆಸಿಕೊಂಡೆ. ಮುಂದಿನ ಸೀಟಿನಲ್ಲಿ ನಾನು ಕೂರುವ ಜಾಗ ಖಾಲಿಯಿತ್ತು. ನನ್ನ ಗಂಡ ದಾರಿಯುದ್ದಕ್ಕೂ ಪ್ರತಿ ಸಲ ಕ್ಲಚ್ ಒತ್ತಿದ ಮೇಲೆ ಒಂದು ಗಳಿಗೆ ಸುಮ್ಮನೆ ಕಾಯುತ್ತಿದ್ದರು, ಆಮೇಲೆ ತಮ್ಮ ಕೈ ನೆನಪಾಗಿ ಗೇರು ಹಾಕುತ್ತಿದ್ದರು.

ಕಾರು ಮನೆಗೆ ಹೋಗದೆ ಮತ್ತೆ ಮಿಸ್ತ್ರಿಯ ಅಂಗಡಿಯ ಮುಂದೆ ನಿಂತಿತು.

"ಗಿಡ್ಡ ಮಾಡು" ಎಂದರು ನನ್ನ ಗಂಡ.

"ಯಾಕ್ರಿ ಸಾವಕಾರ್ರ, ಚಲೋ ಬೀಳಾಕತ್ತೈತೆಲ್ಲ."

"ಭಾಳ ಸಡ್ಲ ಆತು."

"ಗಿಡ್ಡ ಮಾಡಿದ್ರ ಈ ಭುಜಾ ಇಟ್ಕೊಂಡು ನಿಮ್ಮೊಬ್ಬರ ಕೈಲೆ ಆಗೂದಿಲ್ರಿ. ಮೊದ್ಲ ಹೇಳೇನಿ."

"ಗೊತ್ತೈತಿ. ಕತ್ತರ್ಸು."

ಮಿಸ್ತ್ರಿ ಅವರನ್ನು ನೋಡಿದ, ನನ್ನನ್ನು ನೋಡಿದ, ಗರಗಸ ತೆಗೆದುಕೊಂಡ. ರಾಡು ಮೊಣಕಾಲಿನ ಎತ್ತರಕ್ಕೆ ಇಳಿಯಿತು. ನನ್ನ ಗಂಡ ಕೂತು, ಕ್ಲಚ್ ಒತ್ತಿ, ಎಡಗೈಯಿಂದ ತಳ್ಳಿದರು. ಅದು ಜಪ್ಪೆನ್ನಲಿಲ್ಲ. ಅವರು ಇನ್ನೊಮ್ಮೆ ತಳ್ಳುವ ಶ್ರಮ ತೆಗೆದುಕೊಳ್ಳಲಿಲ್ಲ.

"ಅವ್ವಾ," ಎಂದರು ಕನ್ನಡಿಯಲ್ಲಿ ನೋಡುತ್ತ, "ಬಿಗಿ ಐತಿ. ಈಕಿನ್ನ ಮುಂದ ಕಳಸಬೇಕಾಗ್ತೈತಿ."

ಅತ್ತೆ ತುಂಬ ಹೊತ್ತು ಎಲೆ ಅಗಿದರು. "ಹೋಗು," ಎಂದರು ನನಗೆ. "ಗಿಡ್ಡ ಐತಿ, ಹೊರಗಿನ ಮಂದಿಗಂತೂ ಕಾಣೂದಿಲ್ಲ."

ಅದು ಖರೆ. ಹೊರಗಿನವರಿಗೂ ಕಾಣುತ್ತಿರಲಿಲ್ಲ, ಹಿಂದೆ ಕೂತವರಿಗೂ ಕಾಣುತ್ತಿರಲಿಲ್ಲ. ಮದುವೆಯಾದ ಮೇಲೆ ಹಗಲಿನಲ್ಲಿ ನನ್ನ ಗಂಡ ನನ್ನ ಕೈ ಮುಟ್ಟಿದ್ದು ಆ ರಾಡಿನ ಮೇಲೆ. ಕೆಳಗೆ ಅವರ ಕೈ, ಮೇಲೆ ನನ್ನದು, ಇಬ್ಬರೂ ಒತ್ತಿದರೆ ಮಾತ್ರ ಎರಡನೇ ಗೇರು. ಮುಂದಿನ ಬೇಸಿಗೆಗೆ ಅವರ ಭುಜ ಪೂರ್ತಿ ವಾಸಿಯಾಯಿತು, ತುಂಬಿದ ಜೋಳದ ಚೀಲ ಒಬ್ಬರೇ ಎತ್ತಿ ಹಾಕುತ್ತಿದ್ದರು. ಆದರೆ ಕಾರು ಮಾರುವವರೆಗೂ ಆ ಗೇರು ಅವರೊಬ್ಬರ ಕೈಯಿಂದ ಬೀಳಲಿಲ್ಲ.