ತವರಿನ ಹೆಸರು

ಕೋವಿಡ್ ಗದ್ದಲ ಪೂರ್ತಿ ಅಡಗಿದ ಮೇಲಿನ ಮೊದಲ ಮಳೆಗಾಲ ಅದು. ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯ ರಕ್ತನಿಧಿಗೆ ನಾನು ಮುಖ್ಯ ವೈದ್ಯಾಧಿಕಾರಿ. ನಿವೃತ್ತಿಗೆ ಇನ್ನೊಂದೂವರೆ ವರ್ಷ ಉಳಿದಿತ್ತು. ಟಿಳಕವಾಡಿಯಿಂದ ಸ್ಕೂಟರ್ ಮೇಲೆ ಬಂದು ಎಲ್ಲರಿಗಿಂತ ಮೊದಲು ಬಾಗಿಲು ತೆರೆಸುವವಳು, ಬಾಯಿ ಜೋರು ಎಂದು ಹೆಸರಾದವಳು. ಯಂತ್ರಗಳ ವಿಷಯದಲ್ಲಿ ಮಾತ್ರ ನನಗೆ ಮಕ್ಕಳ ಮೇಲಿನಂಥ ಮೋಹ. ಆ ವರ್ಷ ನಮಗೆ ಹೊಸ ಯಂತ್ರ ಬಂದಿತ್ತು, ಅದರ ಮೇಲೆ ಯಾರಾದರೂ ಚಹಾದ ಕಪ್ಪು ಇಟ್ಟರೆ ನಾನು ಅವರ ಏಳು ತಲೆಮಾರು ಜಾಲಾಡುತ್ತಿದ್ದೆ.

ಆ ಯಂತ್ರದ ಕೆಲಸ ಹೀಗೆ. ಜೆಲ್ ಕಾರ್ಡ್ ಎಂಬ ಪ್ಲಾಸ್ಟಿಕ್ ಪಟ್ಟಿಯಲ್ಲಿ ಆರು ಸಣ್ಣ ಕೊಳವೆಗಳಿರುತ್ತವೆ. ದಾನಿಯ ಕೆಂಪು ಕಣಗಳನ್ನೂ ರೋಗಿಯ ರಕ್ತದ ತಿಳಿಯನ್ನೂ ಅದರಲ್ಲಿ ಹಾಕಿ ಜೋರಾಗಿ ತಿರುಗಿಸುತ್ತಾರೆ. ಎರಡೂ ಹೊಂದಿಕೊಂಡರೆ ಕಣಗಳು ಬುಡಕ್ಕೆ ಇಳಿಯುತ್ತವೆ. ಜಗಳವಿದ್ದರೆ ಗಂಟುಕಟ್ಟಿ ಮೇಲೇ ನಿಲ್ಲುತ್ತವೆ. ಯಂತ್ರ ಅದರ ಫೋಟೊ ತೆಗೆದು, ರೋಗಿಯ ಹಳೆಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ತಾನೇ ಹುಡುಕಿ, ಎಲ್ಲ ಸರಿಯಿದ್ದರೆ ಹಸಿರು ಗುರುತು ತೋರಿಸುತ್ತದೆ. ಹಸಿರು ಬಂದರೆ ರಕ್ತ ಕೊಡಬಹುದು.

ಜುಲೈ ತಿಂಗಳ ಒಂದು ಮಧ್ಯಾಹ್ನ ಖಾನಾಪುರದಿಂದ ಆಂಬುಲೆನ್ಸ್ ಬಂತು. ಒಳಗಿದ್ದವಳು ಜಾಂಬೋಟಿ ಕಡೆಯ ಹಳ್ಳಿಯ ಸ್ವಾತಿ, ವಯಸ್ಸು ಇಪ್ಪತ್ತಾರು, ತುಂಬಿದ ಬಸುರಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತು ಬೆಳಗಿನಿಂದ ರಕ್ತ ಹೋಗುತ್ತಿತ್ತು. ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಕೂಡಲೇ ಸಿಸೇರಿಯನ್ ಆಗಬೇಕಿತ್ತು, ಅದಕ್ಕೆ ಕನಿಷ್ಠ ಎರಡು ಬ್ಯಾಗ್ ರಕ್ತ ಬೇಕಿತ್ತು. ನಮ್ಮ ಟೆಕ್ನೀಷಿಯನ್ ಮಹಾಂತೇಶ ಕಾರ್ಡ್ ಹಾಕಿದ. ಬಿ ಪಾಸಿಟಿವ್. ಎರಡು ಬ್ಯಾಗೂ ಹೊಂದಿದವು. ಹಳೆಯ ದಾಖಲೆ ಏನೂ ಇಲ್ಲ. ಪರದೆಯ ಮೇಲೆ ಹಸಿರು.

ಮೊದಲ ಸಲ ರಕ್ತ ಪಡೆಯುವವರ ಮನೆಯವರನ್ನು ಒಂದು ಮಾತು ನಾನೇ ಕೇಳುವುದು ಹಳೆಯ ರೂಢಿ. ಮಹಾಂತೇಶ ಅದಕ್ಕೆ ನಗುತ್ತಿದ್ದ. “ಮಷಿನ್ ಹೂಂ ಅಂದಮ್ಯಾಲೂ ನಿಮ್ಮದೊಂದು ಪಂಚಾಯ್ತಿ ಆಗಬೇಕ್ರಿ ಮೇಡಮ್” ಎನ್ನುತ್ತಿದ್ದ. ಅವತ್ತೂ ಕೌಂಟರಿಗೆ ಹೋದೆ. ಇಬ್ಬರು ಹೆಂಗಸರು ನಿಂತಿದ್ದರು. ಹಸಿರು ಇಳಕಲ್ ಸೀರೆಯವಳು ಅತ್ತೆ, ಮಳೆಯಲ್ಲಿ ತೊಯ್ದು ಆಗಷ್ಟೇ ಪಾರಿಶ್ವಾಡದಿಂದ ಬಂದವಳು ತಾಯಿ. ಗಂಡ ಗೋವಾದಲ್ಲಿ ಡ್ರೈವರ್, ಇನ್ನೂ ದಾರಿಯಲ್ಲಿದ್ದ.

“ಸ್ವಾತಿಗೆ ಹಿಂದೆಂದರ ರಕ್ತಾ ಹಾಕಿದ್ರೇನ್ರಿ?” ಎಂದು ಕೇಳಿದೆ.

“ಇಲ್ರಿ, ಗಟ್ಟಿಮುಟ್ಟಾಗಿದ್ಲು ನಮ್ಮ ಸೊಸಿ. ಲಗ್ನ ಆಗಿ ಎರಡ ವರ್ಷ ಆತು, ಒಂದ ಗುಳಿಗಿ ನುಂಗಿಲ್ಲ” ಎಂದಳು ಅತ್ತೆ.

ತಾಯಿ ಬೀಗತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, “ನಮ್ಮ ಮಂಗಲಾ ಉಳೀತಾಳಲ್ರಿ ಬಾಯಾರ?” ಎಂದಳು.

“ಮಂಗಲಾ ಯಾರ್ರಿ?”

“ಆಕೀದ ತವರಮನಿ ಹೆಸರ್ರಿ ಅದು. ಲಗ್ನದಾಗ ನಾವು ಸ್ವಾತಿ ಅಂತ ಇಟ್ಟೇವಿ” ಎಂದಳು ಅತ್ತೆ.

ನಮ್ಮ ಕಡೆ ಅನೇಕ ಮನೆಗಳಲ್ಲಿ ಇದು ನಡೆದುಬಂದ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ. ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರು, ಅಡ್ಡಹೆಸರೂ ಅವರದೇ. ಆಧಾರ್ ತಿದ್ದಿಸುತ್ತಾರೆ, ಮೊಬೈಲ್ ನಂಬರು ಗಂಡನದಾಗುತ್ತದೆ. ನಮ್ಮ ಸಾಫ್ಟ್‌ವೇರ್ ಮನುಷ್ಯರನ್ನು ಗುರುತಿಸುತ್ತಿದ್ದದ್ದು ಹೆಸರು ಮತ್ತು ಮೊಬೈಲ್ ನಂಬರಿನಿಂದ. ಅಂದರೆ ಅದರ ಲೆಕ್ಕದಲ್ಲಿ ಸ್ವಾತಿ ಹುಟ್ಟಿದ್ದು ಎರಡು ವರ್ಷದ ಹಿಂದೆ, ಲಗ್ನದ ದಿನ.

ಆ ತಾಯಿಯ ಬಾಯಲ್ಲಿ ಮಾತಿತ್ತು, ಬೀಗತಿಯ ಎದುರು ಹೊರಬರುತ್ತಿರಲಿಲ್ಲ. ಅತ್ತೆಗೆ, “ಅಕ್ಕಾರ, ಖಾಲಿ ಹೊಟ್ಟಿಲೆ ನಿಂತೀರಿ, ಕ್ಯಾಂಟೀನಿಗೆ ಹೋಗಿ ಚಹಾ ಕುಡದ ಬರ್ರಿ” ಎಂದೆ. ಇಂಥ ಹೊತ್ತಿನಲ್ಲಿ ಚಹಾ ಎಂಥದ್ದು ಎಂದು ಗೊಣಗುತ್ತ ಹೋದಳು. ತಾಯಿಯನ್ನು ಒಳಗೆ ಕರೆದು ಬಾಗಿಲು ಹಾಕಿದೆ.

“ಈಗ ಹೇಳ್ರಿ. ಇಲ್ಲಿಂದ ಮಾತು ಹೊರಗ ಹೋಗೂದಿಲ್ಲ.”

ಅವಳು ಗಳಗಳ ಅತ್ತಳು. ಮಂಗಲಾ ಹದಿನಾಲ್ಕರ ಹುಡುಗಿ ಇದ್ದಾಗ ಟ್ರ್ಯಾಕ್ಟರ್ ಪಲ್ಟಿಯಾಗಿ ತೊಡೆಯ ಮೂಳೆ ಮುರಿದಿತ್ತು. ಇದೇ ಆಸ್ಪತ್ರೆಗೆ ತಂದಿದ್ದರು. ರಕ್ತ ಹಾಕಿದ್ದರು. ಮುಂದಿನ ವಾರ ಇನ್ನೊಮ್ಮೆ ಹಾಕಿದ್ದರು.

“ಎರಡನೇ ಸಲ ಹಾಕಿದಮ್ಯಾಲ ಮೈಯೆಲ್ಲಾ ಹಳದಿ ಆತ್ರಿ. ಉಚ್ಚಿ ಚಹಾದಂಗ ಬಂತು. ಕಾಲ ಮುರದದ್ದು ಹೇಳಿದ್ರ ಸಂಬಂಧ ತಪ್ಪತೈತಿ ಅಂತ ಅವರಿಗೆ ಯಾರೂ ಹೇಳಲಿಲ್ರಿ.”

ನಾನು ಕಂಪ್ಯೂಟರಿಗೆ ಓಡಿದೆ. ಮಂಗಲಾ, ತಂದೆಯ ಹೆಸರು, ಪಾರಿಶ್ವಾಡ. ಬಂತು. ಕೆಂಪಕ್ಷರದ ಒಂದು ಸಾಲು: ಈ ರೋಗಿಯಲ್ಲಿ ಕಿಡ್-ಎ ವಿರುದ್ಧ ಆಂಟಿಬಾಡಿ ಇದೆ, ಕಿಡ್-ಎ ಇರುವ ರಕ್ತ ಯಾವತ್ತೂ ಕೊಡಬಾರದು. ಕೆಳಗೆ ನನ್ನದೇ ಸಹಿ. ಎಚ್ಚರಿಕೆ ಬರೆದವಳು ನಾನು, ಅದನ್ನು ಜೋಪಾನವಾಗಿ ಇಟ್ಟದ್ದು ಕಂಪ್ಯೂಟರು. ಮಂಗಲಾನೇ ಸ್ವಾತಿ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎ, ಬಿ, ಓ ಅಲ್ಲದೆ ಕೆಂಪು ಕಣದ ಮೈಮೇಲೆ ಇನ್ನೂ ಎಷ್ಟೋ ಗುರುತುಗಳಿರುತ್ತವೆ. ಕಿಡ್-ಎ ಅವುಗಳಲ್ಲೊಂದು. ಆ ಗುರುತಿಲ್ಲದವರಿಗೆ ಅದಿರುವ ರಕ್ತ ಹಾಕಿದರೆ ಕೆಲವರ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡಿಕೊಳ್ಳುತ್ತದೆ. ಈ ಆಂಟಿಬಾಡಿ ಬಹಳ ಕಳ್ಳ. ವರ್ಷಗಳು ಕಳೆದಂತೆ ಕರಗಿ, ಯಾವ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಅದಕ್ಕೇ ನಮ್ಮ ಯಂತ್ರ ಹಸಿರು ತೋರಿಸಿತ್ತು. ಕಿಡ್-ಎ ಇರುವ ರಕ್ತ ಮತ್ತೆ ಒಳಗೆ ಹೋದರೆ ಕೆಲವೇ ದಿನಗಳಲ್ಲಿ ಆಂಟಿಬಾಡಿ ಎದ್ದು ಕೂತು, ಹಾಕಿದ ಕಣಗಳನ್ನೆಲ್ಲ ಒಡೆದುಹಾಕುತ್ತದೆ. ಕಿಡ್ನಿ ಕೈಕೊಡಬಹುದು. ಮೊದಲೇ ಬಸವಳಿದ ಬಾಣಂತಿ ಅದನ್ನು ತಡೆದುಕೊಳ್ಳುವುದು ಕಷ್ಟ.

ಆಪರೇಷನ್ ಥಿಯೇಟರಿನಿಂದ ಫೋನು ಬಂತು. ಸರ್ಜನ್ ನನಗಿಂತ ಚಿಕ್ಕವರು, ನಿಧಾನಸ್ಥರು. ಅವತ್ತು ಅವರ ದನಿಯೂ ಏರಿತ್ತು.

“ಮೇಡಮ್, ಕಂಪ್ಯಾಟಿಬಲ್ ಅಂತ ರಿಪೋರ್ಟ್ ಬಂದೈತಿ, ರಕ್ತಾ ಯಾಕ ಬಂದಿಲ್ಲ?”

“ಈ ರಕ್ತದಾಗ ಕಿಡ್-ಎ ಇದ್ರ ಬರೂ ವಾರ ಆಕಿ ಕಿಡ್ನಿ ಹೋಗ್ತಾವು ಡಾಕ್ಟರ್.”

“ಈಗ ಕೊಡಲಿಲ್ಲಂದ್ರ ಬರೂ ವಾರಕ್ಕ ಆಕೀನ ಇರೂದಿಲ್ಲ.”

ಇಬ್ಬರ ಮಾತೂ ಖರೇ ಇತ್ತು. ನನಗೆ ಅರ್ಧ ಗಂಟೆ ಬೇಕಿತ್ತು, ಅವರು ಇಪ್ಪತ್ತು ನಿಮಿಷ ಕೊಟ್ಟರು. ಅಷ್ಟರಲ್ಲಿ ಬೇರೆ ರಕ್ತ ಸಿಗದಿದ್ದರೆ ಇದೇ ಎರಡು ಬ್ಯಾಗ್ ಕಳಿಸುವುದೆಂದು ಒಪ್ಪಿಕೊಂಡೆ. ಅವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಬಳಿ ಇರಿಸಿದೆವು. ಬದುಕಿನಲ್ಲಿ ನಾನು ಅಷ್ಟು ಹೆದರಿ ಯಾವ ಪೆಟ್ಟಿಗೆಯನ್ನೂ ನೋಡಿಲ್ಲ.

ಫ್ರಿಜ್ಜಿನಲ್ಲಿ ಬಿ ಪಾಸಿಟಿವ್ ಇನ್ನೂ ಹನ್ನೊಂದು ಬ್ಯಾಗ್ ಇದ್ದವು. ಕಿಡ್-ಎ ಗುರುತಿಸುವ ದ್ರವದ ಒಂದೇ ಸೀಸೆ, ಅದರಲ್ಲೂ ತಳದಲ್ಲಷ್ಟೇ ಉಳಿದಿತ್ತು. ಪೆಟ್ಟಿಗೆಯ ಎರಡು ಹೇಗೂ ಕೊನೆಯ ದಾರಿ, ಹಾಗಾಗಿ ಇದ್ದಷ್ಟು ದ್ರವವನ್ನು ಈ ಹನ್ನೊಂದಕ್ಕೇ ಮೀಸಲಿಟ್ಟೆ. ಒಂದೊಂದು ಬ್ಯಾಗಿನ ಕಣಗಳಿಗೂ ಆ ದ್ರವ ಬೆರೆಸಿ, ಕಾರ್ಡಿನಲ್ಲಿ ಹಾಕಿ ನಾನು ಗುರುತು ಹುಡುಕತೊಡಗಿದೆ. ಮಹಾಂತೇಶ ಪಕ್ಕದ ಮೇಜಿನಲ್ಲಿ ಅದೇ ಹನ್ನೊಂದನ್ನೂ ಅವಳ ರಕ್ತದೊಂದಿಗೆ ಹೊಂದಿಸಿ ನೋಡುತ್ತಿದ್ದ. ಪಂಚಾಯ್ತಿ ಎಂದು ನಕ್ಕವನು ಈಗ ಪ್ರತಿ ಬ್ಯಾಗಿನ ನಂಬರನ್ನು ಎರಡೆರಡು ಸಲ ಓದುತ್ತಿದ್ದ.

ಮೊದಲ ಕಾರ್ಡ್ ಹೊರಬಂತು. ಆರಕ್ಕೆ ಆರೂ ಮೇಲೆ ನಿಂತಿದ್ದವು. ಎಲ್ಲದರಲ್ಲೂ ಕಿಡ್-ಎ. ಫೋನು ಮತ್ತೆ ಬಡಿದುಕೊಂಡಿತು, ನಾನು ಎತ್ತಲಿಲ್ಲ. ಗಾಜಿನಾಚೆ ತಾಯಿ ನೆಲದ ಮೇಲೆ ಕೂತಿದ್ದಳು. ಚಹಾ ಮುಗಿಸಿ ಬಂದ ಅತ್ತೆ ಅವಳ ಪಕ್ಕ ಕೂತು ಬೆನ್ನು ಸವರುತ್ತಿದ್ದಳು.

ಎರಡನೇ ಕಾರ್ಡಿನಲ್ಲಿ ಐದು. ಒಂದು ಮೇಲೆ. ಎರಡು ಮೇಲೆ. ಮೂರನೆಯದರ ಕಣಗಳು ಬುಡದಲ್ಲಿ ಗುಂಡಿಯಂತೆ ಕೂತಿದ್ದವು. ಕಣ್ಣು ಉಜ್ಜಿ ಮತ್ತೆ ನೋಡಿದೆ. ಬುಡದಲ್ಲೇ ಇದ್ದವು. “ಮಹಾಂತೇಶ, ಒಂಬತ್ತನೇದು!” ಎಂದು ಕೂಗಿದೆ. “ಹೊಂದೇತ್ರಿ ಮೇಡಮ್!” ಎಂದವನೇ ಬ್ಯಾಗ್ ಎತ್ತಿಕೊಂಡು, ಚಪ್ಪಲಿ ಅಲ್ಲೇ ಬಿಟ್ಟು ಥಿಯೇಟರಿಗೆ ಓಡಿದ.

ಕೊನೆಯ ಎರಡರಲ್ಲೂ ಕಿಡ್-ಎ ಇದ್ದುದರಿಂದ ಆ ಒಂದು ಬ್ಯಾಗಿನಲ್ಲೇ ಸರ್ಜನ್ ನಿಭಾಯಿಸಿದರು. ಎರಡನೆಯದು ಸಂಜೆ, ದ್ರವದ ಹೊಸ ಸೀಸೆ ತರಿಸಿದ ಮೇಲೆ, ಬಿ ಗುಂಪಿನವರಿಗೂ ಆಗುವ ಓ ಪಾಸಿಟಿವ್ ಬ್ಯಾಗುಗಳಲ್ಲಿ ಸಿಕ್ಕಿತು. ಹೆಣ್ಣುಮಗು ಹುಟ್ಟಿತು, ಅತ್ತಿತು. ಮುಂದೆ ಎರಡು ವಾರ ದಿನಾ ಬೆಳಿಗ್ಗೆ ನಾನು ವಾರ್ಡಿಗೆ ಹೋಗಿ ಸ್ವಾತಿಯ ಕಣ್ಣಿನ ಬಿಳಿ ನೋಡಿ ಬರುತ್ತಿದ್ದೆ. ಹಳದಿ ಕಾಣಿಸಲಿಲ್ಲ. ಬಾಗಿಲ ಬಳಿ ಇಟ್ಟಿದ್ದ ಆ ಎರಡು ಬ್ಯಾಗುಗಳನ್ನೂ ಆಮೇಲೆ ಪರೀಕ್ಷಿಸಿದೆ. ಎರಡರಲ್ಲೂ ಕಿಡ್-ಎ ಇತ್ತು. ಅವತ್ತು ಮನೆಗೆ ಹೋಗಿ ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಸಾಫ್ಟ್‌ವೇರಿನವರಿಗೆ ಒಂದು ಹೊಸ ಕಾಲಂ ಬೇಕೆಂದು ಹೇಳಿದೆ: ತವರಿನ ಹೆಸರು. ದೇಶದಲ್ಲಿ ಯಾರೂ ಇಂಥದ್ದು ಕೇಳಿಲ್ಲ ಎಂದರು. ನನ್ನ ಜೋರು ಬಾಯಿ ಅಲ್ಲಿ ಉಪಯೋಗಕ್ಕೆ ಬಂತು. ಈಗ ಆ ಹೆಸರು, ತಂದೆಯ ಹೆಸರು, ತವರೂರು ಮೂರನ್ನೂ ಹುಡುಕದೆ ಯಂತ್ರ ಹಸಿರು ತೋರಿಸುವುದಿಲ್ಲ. ಕಾಲಂ ಬಂದ ದಿನ ಪರೀಕ್ಷೆಗೆಂದು ನನ್ನದೇ ತವರಿನ ಹೆಸರು ತುಂಬಿದೆ. ಗಿರಿಜಾ. ನನ್ನವ್ವ ಹೋದ ಮೇಲೆ ಆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಅಳಿಸಲು ಮನಸ್ಸಾಗದೆ ಹಾಗೇ ಬಿಟ್ಟೆ.

ಒಂದೆರಡು ತಿಂಗಳಾದ ಮೇಲೆ ಸ್ವಾತಿ ಮಗುವಿನೊಂದಿಗೆ ಬಂದಳು, ಜೊತೆಗೆ ಅತ್ತೆ. ಯಾವ ಆಸ್ಪತ್ರೆಗೆ ಹೋದರೂ ತೋರಿಸಲು ಎಚ್ಚರಿಕೆಯ ಕಾರ್ಡ್ ಮಾಡಿಕೊಡಬೇಕಿತ್ತು. ಹಳೆಯ ಸಂಗತಿಯನ್ನು ಅತ್ತೆಯ ಎದುರು ಹೇಗೆ ತೆಗೆಯಲಿ ಎಂದು ನಾನು ತಡವರಿಸಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

“ಕಾಲ ಮುರದದ್ದು ಇವರ ಲಗ್ನ ಆಗಿ ಮೂರ ತಿಂಗಳಿಗೇ ನನಗ ಗೊತ್ತಾಗಿತ್ರಿ. ಗದ್ದ್ಯಾಗ ಸೊಸಿ ನಡ್ಯೂದು ನೋಡೂದಿಲ್ಲೇನ್ರಿ ನಾ? ಬೀಗತಿಗೆ ನಾಚಿಕಿ ಆಗಬಾರದು ಅಂತ ಸುಮ್ಮನಿದ್ದೆ. ರಕ್ತಾ ಹಾಕಿದ್ದು ಮಾತ್ರ ಗೊತ್ತಿರಲಿಲ್ರಿ.”

ಒಬ್ಬಳು ಹೆದರಿ ಮುಚ್ಚಿಟ್ಟಿದ್ದಳು, ಇನ್ನೊಬ್ಬಳು ಮರ್ಯಾದೆಗೆಂದು ಕೇಳಿರಲಿಲ್ಲ. ನಡುವೆ ಒಂದು ಜೀವ ಹೋಗುವುದರಲ್ಲಿತ್ತು. ನನಗೆ ಸಿಟ್ಟೂ ಬಂತು, ಅವಳ ಕೈ ಹಿಡಿದುಕೊಳ್ಳಬೇಕು ಅಂತಲೂ ಅನ್ನಿಸಿತು. ಕಾರ್ಡಿನ ಮೇಲೆ ಹೆಸರು ಬರೆಯಲು ಪೆನ್ನು ಎತ್ತಿದೆ.

“ಮದ್ಲ ಮಂಗಲಾ ಅಂತ ಬರೀರಿ. ಆಮ್ಯಾಲ ನಮ್ಮದು” ಎಂದಳು ಅತ್ತೆ. ಸ್ವಾತಿ ಮಗುವಿನ ಮೇಲೆ ಬಾಗಿ ಕಣ್ಣೊರೆಸಿಕೊಂಡಳು.

ಈಗ ನಿವೃತ್ತಳಾಗಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಮನೆಗೆ ಬಂದು ಸಲಹೆ ಕೇಳುತ್ತಾರೆ. ಯಂತ್ರವನ್ನು ಪ್ರೀತಿಸಿ, ಚೆನ್ನಾಗಿ ಒರೆಸಿಡಿ ಎನ್ನುತ್ತೇನೆ. ಅದು ಹಸಿರು ತೋರಿಸಿದ ಮೇಲೂ ಎದ್ದು ಕೌಂಟರಿಗೆ ಹೋಗಿ, ತವರಿನಲ್ಲಿ ಏನಂತ ಕರೆಯುತ್ತಿದ್ದರು ಎಂದು ಕೇಳಿ. ಕೇಳುವ ಮೊದಲು ಗಂಡನ ಮನೆಯವರನ್ನು ಚಹಾಕ್ಕೆ ಕಳಿಸಿ.