ಎಡಕ್ಕೆ ನೀರಿಟ್ಟುಕೊಂಡು ಸೈಕಲ್ ತುಳಿದವರು

ಅವರ ಕುತ್ತಿಗೆ ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ಎಲ್ಲೋ ಬಿದ್ದು ಮಾಡಿಕೊಂಡದ್ದೂ ಅಲ್ಲ. ಮೂವತ್ತು ವರ್ಷ ಕಾಲುವೆ ದಂಡೆಯ ಮೇಲೆ ಸೈಕಲ್ ತುಳಿಯುತ್ತ, ಎಡಗಡೆಯ ನೀರನ್ನು ನೋಡಿ ನೋಡಿ ಹಾಗಾಗಿತ್ತು. ಹೋಗುವಾಗ ಈಚೆ ದಂಡೆ, ಸೇತುವೆ ದಾಟಿ ಬರುವಾಗ ಆಚೆ ದಂಡೆ. ಎರಡೂ ಸಲ ನೀರು ಅವರ ಎಡಕ್ಕೇ ಇರುತ್ತಿತ್ತು. ನನ್ನ ಔಷಧಿ ಅಂಗಡಿಯ ಮುಂದೆ ನಿಂತು ಬಿ.ಪಿ. ಗುಳಿಗೆ ಕೇಳುವಾಗಲೂ ಮುಖ ಒಂದು ಚೂರು ಎಡಕ್ಕೆ ತಿರುಗಿರುವುದು. ಹೊಸಬರು ಇವರು ಯಾರ ಜೊತೆ ಮಾತಾಡುತ್ತಿದ್ದಾರೆಂದು ಪಕ್ಕಕ್ಕೆ ನೋಡುತ್ತಿದ್ದರು.

ತುರ್ವಿಹಾಳದಲ್ಲಿ ಎಲ್ಲರಿಗೂ ಅವರು ಗ್ಯಾಂಗ್‌ಮನ್ ಕಾಕಾ. ಕಾಲುವೆಯ ಗೇಟು ಏರಿಸುವುದು, ಇಳಿಸುವುದು, ದಂಡೆಯಲ್ಲಿ ಇಲಿ ಬಿಲ, ಏಡಿ ತೂತು ಕಂಡರೆ ಮುಚ್ಚುವುದು, ಇದು ಅವರ ನೌಕರಿಯಾಗಿತ್ತು. ನಿವೃತ್ತಿಯಾದ ಮೇಲೂ ಬೆಳಗಾದರೆ ಕರಿ ಸೈಕಲ್ಲಿನ ಕ್ಯಾರಿಯರಿಗೆ ಸಲಿಕೆ ಕಟ್ಟಿಕೊಂಡು ಹೊರಡುವುದು ತಪ್ಪಲಿಲ್ಲ. ಯಾಕೆ ಎಂದು ಕೇಳಿದರೆ, "ಪಗಾರ ನಿಂತೈತಿ, ನೀರು ನಿಂತಿಲ್ಲಲ್ರಿ" ಅನ್ನುತ್ತಿದ್ದರು.

ನಾನು ಅವರ ದಾರಿಗೆ ಬಂದದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ಊರಿಗೆಲ್ಲ ಸಕ್ಕರೆ ಗುಳಿಗೆ ಮಾರುವವನಿಗೇ ಸಕ್ಕರೆ ಏರಿ, ಡಾಕ್ಟರು ಬೈದು, ಸಿಂಧನೂರಿಗೆ ಹೋಗಿ ಗೇರಿನ ಸೈಕಲ್ ತಂದೆ. ಮೊದಲ ದಿನವೇ ಕಾಲುವೆ ಮೇಲೆ ಚೈನು ಕಳಚಿ, ಬಿಳಿ ಅಂಗಿಯೊಂದಿಗೆ ನಾನು ಮಣ್ಣಿನಲ್ಲಿದ್ದೆ. ಕಾಕಾ ಬಂದು ಚೈನು ಹಾಕಿ ಕೊಟ್ಟರು. "ಸಾವ್ಕಾರ್ರ, ಗೇರು ಇಪ್ಪತ್ತೊಂದು ಅದಾವು, ಬೆಲ್ಲು ಒಂದೂ ಇಲ್ಲಲ್ರಿ. ಎಮ್ಮಿಗೆ ಹೆಂಗ ಹೇಳ್ತೀರಿ ಸರಕೊಳ್ಳಂತ?" ಎಂದರು. ಮರುದಿನ ತಮ್ಮ ಹಳೆಯ ಬೆಲ್ಲೊಂದನ್ನು ತಂದು ನನ್ನ ಸೈಕಲ್ಲಿಗೆ ತಾವೇ ಬಿಗಿದರು.

ಅವತ್ತಿನಿಂದ ಒಂದು ವರ್ಷ ದಿನಾಲೂ ಜೊತೆಯಾಗಿಯೇ ಹೋದೆವು. ಜೊತೆ ಎಂದರೆ ನಾನು ಸ್ವಲ್ಪ ಮುಂದೆ, ಅವರು ಹಿಂದೆ. ಯಾರು ಮೊದಲು ಸೇತುವೆ ಮುಟ್ಟಿದರೂ ಇನ್ನೊಬ್ಬರಿಗಾಗಿ ಕಾಯುವುದು, ಅಲ್ಲಿ ಅವರ ಕರವಸ್ತ್ರದ ಗಂಟು ಬಿಚ್ಚಿ ಹುರಿದ ಶೇಂಗಾ ತಿನ್ನುವುದು, ಆಮೇಲೆ ಸೇತುವೆ ದಾಟಿ ಆಚೆ ದಂಡೆಯಿಂದ ಊರಿಗೆ ಬರುವುದು. ಅವರೊಡನೆ ಹೊರಟರೆ ಹೊತ್ತಿಗೆ ಲೆಕ್ಕವಿರಲಿಲ್ಲ. ಬಟ್ಟೆ ಒಗೆಯುವವರನ್ನು ಮಾತಾಡಿಸಬೇಕು. ನೀರಿನ ಮಟ್ಟ ತೋರಿಸುವ ಕಲ್ಲಿನ ಮುಂದೆ ನಿಂತು ನಿನ್ನೆಗಿಂತ ಎಷ್ಟು ಇಳಿದಿದೆ ಎಂದು ಅಂದಾಜು ಹಾಕಬೇಕು. ಬಳಗಾನೂರಿನ ಕಡೆಯವರಿಗೆ ಈ ಸಲ ನೀರು ಮುಟ್ಟುತ್ತದೋ ಇಲ್ಲವೋ ಎಂದು ಚಿಂತೆ ಮಾಡಬೇಕು. ಬಿಟ್ಟು ಹೊರಡುವಾಗ ಯಾರಿಗಾದರೂ ಅವರು ಹೇಳುತ್ತಿದ್ದ ಮಾತು ಒಂದೇ: "ನೋಡ್ಕೊಂತ ಹೋಗ್ರಿ." ಆ ವರ್ಷ ನನ್ನ ಸಕ್ಕರೆ ಇಳಿಯಿತು, ನಿದ್ದೆ ಬರತೊಡಗಿತು, ಅಂಗಡಿಯಲ್ಲಿ ಗಿರಾಕಿಗಳ ಮೇಲೆ ರೇಗುವುದೂ ಕಡಿಮೆಯಾಯಿತು.

ಆಮೇಲೆ ಫೋನಿನಲ್ಲಿ ಆ ಆ್ಯಪ್ ಬಂತು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸೈಕಲ್ ಹುಚ್ಚಿನವರು ಇಪ್ಪತ್ತು ಮಂದಿ ಸೇರಿ ಮಾಡಿಕೊಂಡ ಗುಂಪಿಗೆ ನನ್ನನ್ನೂ ಸೇರಿಸಿದರು. ಎಲ್ಲರ ಫೋನಿನಲ್ಲೂ ಅದೇ ಆ್ಯಪ್. ಎಷ್ಟು ದೂರ, ಎಷ್ಟು ವೇಗ, ಎದೆ ಎಷ್ಟು ಬಡಿದುಕೊಂಡಿತು, ಎಲ್ಲವನ್ನೂ ಅದು ಬರೆದಿಡುತ್ತದೆ. ನಮ್ಮ ಕಾಲುವೆ ದಾರಿಯ ಆರು ಕಿಲೋಮೀಟರಿನ ತುಂಡೊಂದನ್ನು ಯಾರೋ ಅದರಲ್ಲಿ ಪಂದ್ಯದ ದಾರಿ ಎಂದು ಗುರುತು ಮಾಡಿಟ್ಟಿದ್ದರು. ಸೇತುವೆಯ ಹತ್ತಿರ ದಾಟದೆ ನೇರ ಹೋಗಿ, ಕಾಲುವೆ ಒಡ್ಡಿನ ಬುಡದ ದಾರಿಗೆ ಇಳಿದು ಡಾಂಬರು ರಸ್ತೆ ಸೇರಬೇಕು. ಆ ದಾರಿಯ ಪಟ್ಟಿಯಲ್ಲಿ ಮೊದಲ ಹೆಸರು ಲಿಂಗಸುಗೂರಿನ ಹಲ್ಲಿನ ಡಾಕ್ಟರೊಬ್ಬರದು. ವಾರಕ್ಕೊಮ್ಮೆ ಕಾರಿನಲ್ಲಿ ಸೈಕಲ್ ಹಾಕಿಕೊಂಡು ಬಂದು ನಮ್ಮೂರ ದಾರಿಯಲ್ಲಿ ನಮ್ಮನ್ನೇ ಸೋಲಿಸಿ ಹೋಗುವ ಮನುಷ್ಯ. ಎರಡನೆಯ ಹೆಸರು ನನ್ನದು, ನಾಲ್ಕು ಸೆಕೆಂಡಿನ ಅಂತರದಲ್ಲಿ.

ಆ ನಾಲ್ಕು ಸೆಕೆಂಡು ನನ್ನ ತಲೆ ಕೆಡಿಸಿತು. ಒಮ್ಮೆ ಫೋನಿನ ಚಾರ್ಜು ಮುಗಿದು ಬೆಳಗಿನ ಸವಾರಿ ದಾಖಲಾಗಲಿಲ್ಲವೆಂದು ಮಟಮಟ ಮಧ್ಯಾಹ್ನ ಅಂಗಡಿ ಮುಚ್ಚಿ ಮತ್ತೆ ತುಳಿದು ಬಂದೆ. ಎಮ್ಮೆ ಅಡ್ಡ ಬಂದವೆಂದು ಅವನ್ನು ಮೇಯಿಸುವವರ ಮೇಲೆ ಕೂಗಾಡಿದೆ. ಹೆಂಡತಿ, "ಮೊದಲ ಸಕ್ರಿ ಇತ್ತು, ಈಗ ಇದು" ಎಂದು ಹಣೆ ಚಚ್ಚಿಕೊಂಡಳು. ಸೇತುವೆಯ ಹತ್ತಿರ ನಿಲ್ಲುವುದನ್ನು ಬಿಟ್ಟೆ. ಕಾಕಾ ಎದುರಾದರೆ ಬೆಲ್ಲು ಬಾರಿಸಿ ಹೋಗುತ್ತಿದ್ದೆ, ಅದೂ ಅವರೇ ಹಾಕಿಕೊಟ್ಟ ಬೆಲ್ಲು. ಸವಾರಿ ಮುಗಿಸಿ ಬಂದರೆ ಮೊದಲಿನ ಹಗುರವಿಲ್ಲ, ಪರೀಕ್ಷೆ ಬರೆದು ಬಂದವನ ಎದೆಗುದಿ. ಆದರೂ ಬಿಡಲಾಗಲಿಲ್ಲ.

ಆ ಚಳಿಗಾಲದಲ್ಲಿ ಕೈಗೆ ಗಡಿಯಾರವೂ ಬಂತು, ಅದೂ ಎಲ್ಲ ಅಳೆಯುತ್ತದೆ. ಒಂದು ಬೆಳಿಗ್ಗೆ ತಮಾಷೆಗೆಂದು ನನ್ನ ಫೋನನ್ನು ಕಾಕಾನ ಅಂಗಿ ಜೇಬಿಗೆ ಹಾಕಿ ಆ್ಯಪ್ ಚಾಲೂ ಮಾಡಿದೆ. "ಕಾಕಾ, ಇವತ್ತು ನಿಮ್ಮ ಸ್ಪೀಡೂ ನೋಡೋಣ್ರಿ. ಸೇತುವಿ ಹತ್ರ ಸಿಗ್ತೀನಿ" ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಜೇಬನ್ನು ಎರಡು ಸಲ ಮುಟ್ಟಿ ನೋಡಿಕೊಂಡರು.

ಸೇತುವೆ ಬಂದಾಗ ಹಿಂದಿನಿಂದ ಗಾಳಿ ಚೆನ್ನಾಗಿತ್ತು. ಇಂಥ ಗಾಳಿ ಮತ್ತೆ ಸಿಗುವುದಿಲ್ಲವೆಂದು ನೇರ ಹೊಡೆದೆ. ಡಾಂಬರು ರಸ್ತೆ ಸೇರಿ ಗಡಿಯಾರ ನೋಡಿದರೆ ಇನ್ನೂ ಒಂದು ಸೆಕೆಂಡು ಬಾಕಿ. ಆ ಒಂದು ಸೆಕೆಂಡಿನ ಸಂಕಟದಲ್ಲಿ ರಸ್ತೆ ಹಿಡಿದು ಸೀದಾ ಅಂಗಡಿಗೆ ಬಂದುಬಿಟ್ಟೆ.

ಕಾಕಾ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಫೋನನ್ನೂ ಶೇಂಗಾದ ಗಂಟನ್ನೂ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು. ನಾನು ಅವರ ವೇಗ ನೋಡಿ ನಕ್ಕೆ, ನಡೆದು ಹೋಗುವವರದೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅವರೂ ನಕ್ಕರು. "ನಿಮ್ದು ತೋರಿಸ್ರಿ" ಎಂದರು.

ಗಡಿಯಾರದಿಂದ ಫೋನಿಗೆ ಬಂದ ನನ್ನ ವೇಗದ ಗೆರೆಯನ್ನು ತೋರಿಸಿದೆ, ನಿನ್ನೆ ಮೊನ್ನೆಯವನ್ನೂ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ಬೆರಳಿಟ್ಟರು. "ಇಲ್ಲಿ ಯಾಕ ತೆಗ್ಗು ಬಿದ್ದೈತಿ? ದಿನಾ ಇದ ಜಾಗಾದಾಗ?"

"ಅಲ್ಲೇ ನನ್ನ ಸೆಕೆಂಡು ಹೋಗೋದ್ರಿ ಕಾಕಾ. ಸೇತುವಿ ಮುಂದ ಕೆಳಗಿನ ದಾರ್‍ಯಾಗ ರಾಡಿ ಐತಿ, ಗಾಲಿ ಜಾರ್ತದ. ಹಗುರ ಮಾಡ್ಬೇಕಾಗ್ತದ."

"ರಾಡಿನ? ಎಷ್ಟು ದಿನಾ ಆತು?"

"ನಾಕೈದು ದಿನಾ ಆಗಿರಬೇಕು."

ಅವರ ಮುಖ ಮೊದಲ ಸಲ ನೇರ ನನ್ನ ಕಡೆ ತಿರುಗಿತು. ಸಾವ್ಕಾರ, ರೀ ಎಲ್ಲ ಉದುರಿ ಹೋದವು. "ತಮ್ಮಾ, ಮಳಿ ಬಂದು ಎರಡು ತಿಂಗಳಾತು. ಒಡ್ಡಿನ ಬುಡಕ ರಾಡಿ ಎಲ್ಲಿಂದ ಬಂತು? ಗಾಡಿ ತೆಗಿ ನೀ."

ನನ್ನ ಬೈಕಿನ ಹಿಂದೆ ಸಲಿಕೆ ಹಿಡಿದು ಕೂತರು. ಹೋಗಿ ನೋಡಿದರೆ ಒಡ್ಡಿನ ಬುಡದಲ್ಲಿ ನೀರು ಸಣ್ಣಗೆ ಬುಗುಬುಗು ಅನ್ನುತ್ತಿತ್ತು. ಕಾಕಾ ಅದನ್ನು ಬೆರಳಲ್ಲಿ ಎತ್ತಿಕೊಂಡು ತಿಕ್ಕಿ ನೋಡಿದರು. "ಕೆಂಪಗ ಬರಾಕತ್ತೈತಿ. ಬರೇ ನೀರು ಬಂದ್ರ ತಡಿಯಬಹುದು, ಇದು ಒಡ್ಡಿನ ಮಣ್ಣು ಹೊತ್ಕೊಂಡು ಬರಾಕತ್ತೈತಿ" ಎಂದರು. ನಾನು ಇಲಾಖೆಯವರಿಗೆ ಫೋನು ಹಚ್ಚಿದೆ. ಅವರು ಬರುವಷ್ಟರಲ್ಲಿ ಕಾಕಾ ಹೊಲದಲ್ಲಿ ನಾಟಿ ಮಾಡುತ್ತಿದ್ದವರನ್ನೆಲ್ಲ ಕೂಗಿ ಕರೆದು, ಗೊಬ್ಬರದ ಖಾಲಿ ಚೀಲಕ್ಕೆ ಉಸುಕು ತುಂಬಿಸಿ, ಜಿನುಗುವ ಬಾಯಿಯ ಸುತ್ತ ಇಡಿಸತೊಡಗಿದ್ದರು. ನನ್ನ ಅಂಗೈಯಲ್ಲಿ ಬೊಕ್ಕೆಗಳೆದ್ದವು. ಸಂಜೆ ಹೊತ್ತಿಗೆ ಇಲಾಖೆಯವರು ಮೇಲಿನ ಗೇಟು ಇಳಿಸಿ, ಒಳಗಿನ ತೂತು ಹುಡುಕಿ ಮುಚ್ಚಿದರು. ಇನ್ನೆರಡು ದಿನ ಬಿಟ್ಟಿದ್ದರೆ ಒಡ್ಡು ಒಡೆದು, ಕೆಳಗೆ ಹಚ್ಚಿದ ನೆಲ್ಲೆಲ್ಲ ಕೊಚ್ಚಿ ಹೋಗುತ್ತಿತ್ತು ಎಂದು ಬಂದ ಎಂಜಿನಿಯರು ಹೇಳಿದರು.

ಆ ರಾಡಿಯನ್ನು ನಾನು ಐದು ದಿನ ಬೈದುಕೊಂಡು ದಾಟಿದ್ದೆ. ಅದು ನನ್ನ ಸೆಕೆಂಡು ತಿನ್ನುತ್ತದೆಂದಷ್ಟೇ ನನಗೆ ಗೊತ್ತಿತ್ತು. ಕಾಕಾ ಮಾತ್ರ ಮರುದಿನ ಚಹಾದಂಗಡಿಯಲ್ಲಿ ಕೂತು, "ಮೆಡಿಕಲ್ ಸಾವ್ಕಾರ್ರ ಫೋನ್‌ನ್ಯಾಗ ಗೊತ್ತಾತು ನೋಡ್ರಿ. ಅವ್ರು ತೋರಿಸ್ಲಿಲ್ಲಂದ್ರ ನನಗೆಲ್ಲಿ ತಿಳೀತಿತ್ತು?" ಎಂದು ಊರಿಗೆಲ್ಲ ಹೇಳಿದರು. ನಾಲ್ಕು ಜನ ಬಂದು ನನ್ನ ಕೈ ಕುಲುಕಿದರು. ನಾಚಿಕೆಯಾಯಿತು, ಆದರೆ ಅಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ಮುಂದೆ ಆ ಪಟ್ಟಿಯಲ್ಲಿ ಹಲ್ಲಿನ ಡಾಕ್ಟರೇ ಮೊದಲು ಉಳಿದರು. ನಾನು ಮತ್ತೆ ಸೇತುವೆಯ ಹತ್ತಿರ ನಿಲ್ಲತೊಡಗಿದೆ. ಎರಡನೆಯವನಾಗಿದ್ದವನು ಹನ್ನೊಂದನೆಯವನಾದೆ. ಕಾಕಾ ಆಗಾಗ ಕಾಡುತ್ತಿದ್ದರು, "ಈಗೆಷ್ಟನೇ ನಂಬರ್ರಿ ಸಾವ್ಕಾರ್ರ? ಇನ್ನಾ ಇಳೀಬೇಕು ನೀವು, ನನ್ನ ಸಮಕ್ಕ ಬರಬೇಕು."

ಹೋದ ಮಳೆಗಾಲದಲ್ಲಿ ಅವರು ಹೋದರು. ಮೂರು ದಿನದ ಜ್ವರ. ಗುಳಿಗೆ ನಾನೇ ಕೊಟ್ಟಿದ್ದೆ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ, ಯಾವುದೂ ನಿಲ್ಲಿಸಲಿಲ್ಲ. ಮಲಗಿಸಿದಾಗಲೂ ಕುತ್ತಿಗೆ ಎಡಕ್ಕೇ ಇತ್ತು. ಯಾರೋ ನೇರ ಮಾಡಲು ಹೋದರು, ಅವರ ಹೆಂಡತಿ ಕಾಕು ಬೇಡವೆಂದರು.

ಮಣ್ಣು ಮಾಡಿ ಬಂದ ವಾರದ ಮೇಲೆ ಫೋನಿನಲ್ಲಿ ಆ ದಿನದ ಅವರ ಸವಾರಿಯನ್ನು ತೆರೆದೆ. ಅವರದೆಂದು ಅದರಲ್ಲಿ ಇರುವುದು ಅದೊಂದೇ. ನಕ್ಷೆಯ ಮೇಲೆ ಅವರು ನಿಂತ ಜಾಗಗಳು ಕಾಣುತ್ತವೆ: ನೀರಿನ ಮಟ್ಟದ ಕಲ್ಲು, ಬಟ್ಟೆ ಒಗೆಯುವ ಮೆಟ್ಟಿಲು, ಗೇಟು. ಎಲ್ಲ ಎರಡು ನಿಮಿಷ, ಮೂರು ನಿಮಿಷ. ಸೇತುವೆಯ ಹತ್ತಿರ ಮಾತ್ರ ನಲವತ್ತು ನಿಮಿಷ.

ಅಲ್ಲಿ ನಲವತ್ತು ನಿಮಿಷ ಏನು ಕೆಲಸವಿತ್ತು ಎಂದು ಮೊದಲು ಹೊಳೆಯಲಿಲ್ಲ. ಆಮೇಲೆ ಗಲ್ಲಾಪೆಟ್ಟಿಗೆಯ ಮೇಲಿನ ಶೇಂಗಾದ ಗಂಟು ನೆನಪಾಯಿತು. ಅದನ್ನು ಬಿಚ್ಚಿರಲೇ ಇಲ್ಲ. ಸಿಗ್ತೀನಿ ಎಂದು ಹೇಳಿದವನು ನಾನು. ಅವರು ಕಾಯ್ದಿದ್ದರು. ಬಂದು ಅದರ ಬಗ್ಗೆ ಒಂದು ಮಾತೂ ಆಡದೆ, ನನ್ನ ವೇಗ ತೋರಿಸೆಂದು ಕೇಳಿದ್ದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ನಾನು ಒಳಗೆ ಹೋಗಿ ಅತ್ತು ಬಂದೆ.

ಈಗಲೂ ಆ್ಯಪ್ ಹಾಕಿಕೊಂಡೇ ಸವಾರಿ ಮಾಡುತ್ತೇನೆ. ಜೇಬಿನಲ್ಲಿ ಶೇಂಗಾದ ಗಂಟು ಇರುತ್ತದೆ. ಸೇತುವೆಯ ಹತ್ತಿರ ಸೈಕಲ್ ಒರಗಿಸಿ ಕೂತರೆ ಸ್ವಲ್ಪ ಹೊತ್ತಿಗೆ ಫೋನು, ಸವಾರಿ ಮುಗಿಯಿತೇ ಎಂದು ಕೇಳುತ್ತದೆ. ನಾನು ಉತ್ತರ ಕೊಡುವುದಿಲ್ಲ. ನಲವತ್ತು ನಿಮಿಷವಾದ ಮೇಲೆ ಎದ್ದು, ಸೇತುವೆ ದಾಟಿ, ನೀರನ್ನು ಎಡಕ್ಕಿಟ್ಟುಕೊಂಡು ಊರಿಗೆ ಬರುತ್ತೇನೆ.